ಬೆಕ್ಕಿಗೆ ಆಟಿಕೆ ಕೊಡೋಣ, ಬೆಕ್ಕನ್ನೇ ಆಟಿಕೆ ಮಾಡುವುದು ಬೇಡ
(ಜಾಂಬೋಟಿ: ಜುಮಾ ಪ್ರವಚನದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಅವನ ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೆ ಸಲಾತ್ ಮತ್ತು ಸಲಾಮ್.



ನಮ್ಮ ಜಾಂಬೋಟಿಯಲ್ಲಿ ಮಳೆ ಹಿಡಿಯಿತೆಂದರೆ ದಿನಗಟ್ಟಲೆ ಬಿಡುವುದಿಲ್ಲ. ಮಕ್ಕಳೂ ಮನೆಯೊಳಗೆ, ಬೆಕ್ಕೂ ಮನೆಯೊಳಗೆ. ಮಲಗಿದ ಬೆಕ್ಕಿನ ಬಾಲ ಎಳೆಯುವುದು, ಬಾಲಕ್ಕೆ ಡಬ್ಬಿ ಕಟ್ಟಿ ಓಡಿಸುವುದು, ಮರಿಯನ್ನು ಚೀಲಕ್ಕೆ ತುಂಬುವುದು ಮಕ್ಕಳಿಗೆ ಆಟ. ದೊಡ್ಡವರು ನಕ್ಕು ಸುಮ್ಮನಾಗುವುದೂ ಉಂಟು. ಆದರೆ ದೀನ್ ಇದನ್ನು ಸಣ್ಣ ವಿಷಯವೆಂದು ಬಿಟ್ಟಿಲ್ಲ.

ಒಬ್ಬ ಸ್ತ್ರೀ ಬೆಕ್ಕನ್ನು ಕೂಡಿಹಾಕಿದಳು. ತಾನೂ ಉಣಿಸಲಿಲ್ಲ, ಹೊರಗೆ ಹೋಗಿ ತಿನ್ನಲೂ ಬಿಡಲಿಲ್ಲ. ಬೆಕ್ಕು ಸತ್ತಿತು. ಆ ಕಾರಣಕ್ಕೆ ಅವಳು ನರಕಕ್ಕೆ ಹೋದಳೆಂದು ಪ್ರವಾದಿ(ಸ) ತಿಳಿಸಿದ್ದು ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಹುಡುಗರು ಹಕ್ಕಿಯೊಂದನ್ನು ಕಟ್ಟಿಹಾಕಿ ಬಾಣ ಬಿಡುತ್ತಿದ್ದಾಗ ಇಬ್ನು ಉಮರ್(ರ) ಅವರನ್ನು ಕಟುವಾಗಿ ಖಂಡಿಸಿದರು. ಜೀವವಿರುವುದನ್ನು ಗುರಿಯಾಗಿಸುವವರನ್ನು ಪ್ರವಾದಿ(ಸ) ಶಪಿಸಿದ್ದಾರೆಂದು ಹೇಳಿದರು.

ಹಾಗಾದರೆ ಬೆಕ್ಕಿನೊಂದಿಗೆ ಆಡಲೇಬಾರದೇ? ಹಾಗಲ್ಲ. ಅಬೂ ಹುರೈರಾ(ರ) ಮನೆಯ ಕುರಿ ಮೇಯಿಸುವಾಗ ಒಂದು ಪುಟ್ಟ ಮರಿಯನ್ನು ಜೊತೆಗೆ ಒಯ್ದು ಆಡುತ್ತಿದ್ದರು. ರಾತ್ರಿ ಅದನ್ನು ಮರದಲ್ಲಿ ಇಡುತ್ತಿದ್ದರು. ಆ ಹೆಸರು ಬಂದದ್ದೇ ಹಾಗೆ ಎಂದು ತಿರ್ಮಿದಿಯಲ್ಲಿದೆ. ಸಾವಿರಾರು ಹದೀಸ್‌ಗಳನ್ನು ನಮಗೆ ತಲುಪಿಸಿದ ಸಹಾಬಿಯನ್ನು ನಾವು ಕರೆಯುವುದು ಬೆಕ್ಕಿನ ಮರಿಯ ಹೆಸರಿನಿಂದ!

ಆದ್ದರಿಂದ ‘ಬೆಕ್ಕನ್ನು ಮುಟ್ಟಬೇಡ’ ಎಂದು ಗದರಿಸಿದರೆ ಸಾಲದು. ಮಗುವಿನ ಕೈಗೆ ಒಳ್ಳೆಯ ಕೆಲಸ ಕೊಡಬೇಕು. ಬೆಕ್ಕು ಬೇಟೆಯ ಪ್ರಾಣಿ. ಹೊಂಚುಹಾಕುವುದು, ನೆಗೆದು ಹಿಡಿಯುವುದು ಅದಕ್ಕೆ ಇಷ್ಟ. ಇದಕ್ಕೆ ಪೇಟೆಯಿಂದ ಏನೂ ತರಬೇಕಿಲ್ಲ.

ಕಿರಾಣಿ ಅಂಗಡಿಯ ಖಾಲಿ ರಟ್ಟಿನ ಪೆಟ್ಟಿಗೆ ತನ್ನಿ. ಪಿನ್ನು, ಟೇಪು ತೆಗೆದು, ಬದಿಗಳಲ್ಲಿ ಬೆಕ್ಕಿನ ಪಂಜ ಮಾತ್ರ ತೂರುವಷ್ಟು ತೂತು ಮಾಡಿ, ಒಳಗೆ ಕಾಗದದ ಉಂಡೆ ಹಾಕಿ. ಹಳೆಯ ಕಾಲುಚೀಲಕ್ಕೆ ಬಟ್ಟೆಯ ಚೂರು ತುಂಬಿ ಬಿಗಿಯಾಗಿ ಗಂಟು ಹಾಕಿದರೆ ಚೆಂಡಾಯಿತು. ನುಣುಪಾದ ಬಿದಿರ ಕೋಲಿನ ತುದಿಗೆ ಅಗಲವಾದ ಬಟ್ಟೆಪಟ್ಟಿ ಕಟ್ಟಿ ನೆಲದ ಮೇಲೆ ಎಳೆದರೆ ಬೆಕ್ಕು ಇಲಿಯೆಂದೇ ಬೆನ್ನಟ್ಟುತ್ತದೆ. ಕತ್ತರಿ, ಚಾಕುವಿನ ಕೆಲಸ ದೊಡ್ಡವರು ಮಾಡಿಕೊಡಲಿ.

ಕೆಲವು ಎಚ್ಚರಿಕೆಗಳು ಬೇಕು. ದಾರ, ಉಲ್ಲನ್, ರಬ್ಬರ್ ಬ್ಯಾಂಡ್, ಗುಂಡಿ, ಪ್ಲಾಸ್ಟಿಕ್ ಚೀಲ ಬೇಡ. ಬೆಕ್ಕಿನ ನಾಲಿಗೆಯ ಮುಳ್ಳುಗಳು ಹಿಂದಕ್ಕೆ ಬಾಗಿರುವುದರಿಂದ ಬಾಯಿಗೆ ಹೋದ ದಾರವನ್ನು ಉಗುಳುವುದು ಅದಕ್ಕೆ ಕಷ್ಟ. ಅದು ಕರುಳಿಗೆ ಸಿಕ್ಕಿದರೆ ಜೀವಕ್ಕೇ ಅಪಾಯ. ಕೋಲಿನ ಆಟಿಕೆಯನ್ನು ಆಟ ಮುಗಿದ ಮೇಲೆ ಎತ್ತಿಡಬೇಕು. ಕೈಬೆರಳನ್ನೇ ಆಟಿಕೆ ಮಾಡಬಾರದು. ಬೆಕ್ಕು ಕಚ್ಚಿದರೆ, ಪರಚಿ ರಕ್ತ ಬಂದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ರೇಬೀಸ್ ಬೆಕ್ಕಿನಿಂದಲೂ ಬರುತ್ತದೆ. ಅರಿಸಿನ ಹಚ್ಚಿ ಕಾಯುತ್ತ ಕೂರಬೇಡಿ.

ಬೆಕ್ಕು ಚುರುಕಾಗಿರುವುದು ಬೆಳಗಿನ ಜಾವ ಮತ್ತು ಮುಸ್ಸಂಜೆ. ಫಜ್ರ್ ಅಥವಾ ಮಗ್ರಿಬ್ ನಮಾಝಿನ ಬಳಿಕ ಹತ್ತು ನಿಮಿಷ ಸಾಕು. ಆಗಾಗ ‘ಬೇಟೆ’ ಕೈಗೆ ಸಿಗಲಿ, ಕೊನೆಗೆ ಒಂದು ತುತ್ತು ಹಾಕಿ. ಬೆಕ್ಕು ಕಿವಿ ಹಿಂದಕ್ಕೆ ಮಡಚಿದರೆ, ಎದ್ದು ಹೋದರೆ ಆಟ ಮುಗಿಯಿತು.

ಈ ಕೊನೆಯ ಮಾತನ್ನು ಮಕ್ಕಳಿಗೆ ಖಂಡಿತ ಕಲಿಸಿ. ಮಾತು ಬಾರದ ಜೀವ ‘ಸಾಕು’ ಎಂದಾಗ ಕೈ ಹಿಂದಕ್ಕೆ ತೆಗೆಯುವ ಮಗು ನಾಳೆ ತಂಗಿಯ ಮೇಲೆ, ಕೂಲಿಯಾಳಿನ ಮೇಲೆ, ತನ್ನ ಕೈಕೆಳಗಿನ ಯಾರ ಮೇಲೂ ಕೈ ಎತ್ತುವ ಮೊದಲು ಯೋಚಿಸುತ್ತದೆ. ಭೂಮಿಯಲ್ಲಿರುವವರಿಗೆ ಕರುಣೆ ತೋರಿದವರಿಗೆ ಅಲ್ಲಾಹನ ಕರುಣೆಯಿದೆ ಎಂಬುದು ಪ್ರವಾದಿ(ಸ)ರ ಬೋಧನೆ.

ಅಲ್ಲಾಹನು ನಮ್ಮ ಮಕ್ಕಳ ಕೈಗಳಲ್ಲಿ ಕರುಣೆಯನ್ನು ತುಂಬಲಿ. ಆಮೀನ್.