ಮಾರ್ಗರೆಟ್ ಫ್ಲೆಮಿಂಗ್ ಬರೆದ ಜೇಮ್ಸ್ ಹರ್ನ್
(ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಅಮೆರಿಕದ ನಾಟಕವೆಂದರೆ ನಮಗೆ ಓನೀಲ್, ಆರ್ಥರ್ ಮಿಲ್ಲರ್ ನೆನಪಾಗುತ್ತಾರೆ. ಅವರಿಗಿಂತ ಮುಂಚೆ ಇಲ್ಲಿ ವಾಸ್ತವವಾದಿ ನಾಟಕಕ್ಕೆ ನೆಲ ಹದ ಮಾಡಿದವನು ಜೇಮ್ಸ್ ಹರ್ನ್. 1839ರಲ್ಲಿ ನ್ಯೂಯಾರ್ಕ್ ರಾಜ್ಯದ ಕೊಹೋಸ್‌ನಲ್ಲಿ ಹುಟ್ಟಿದ ಈ ಐರಿಷ್ ಮನೆತನದ ಹುಡುಗ ನಟನಾದ. ಬಹಳ ವರ್ಷ ಖಳನಾಯಕ, ಕಣ್ಣೀರು, ಕೊನೆ ಗಳಿಗೆಯ ರಕ್ಷಣೆ ಇರುವ ನಾಟಕಗಳನ್ನೇ ಆಡಿದ.

1890ರಲ್ಲಿ ಅವನು ಬರೆದು ಆಡಿಸಿದ ನಾಟಕವೇ ‘ಮಾರ್ಗರೆಟ್ ಫ್ಲೆಮಿಂಗ್’. (ನಮ್ಮ ಕೈಲಾಸಂ ಆಗಿನ್ನೂ ಬಾಲಕ!) ಗಿರಣಿ ಮಾಲೀಕ ಫಿಲಿಪ್‌ನಿಂದ ಬಡ ಹುಡುಗಿಯೊಬ್ಬಳು ಮಗು ಹೆತ್ತು ಸಾಯುತ್ತಾಳೆ. ಅವನ ಹೆಂಡತಿ ಮಾರ್ಗರೆಟ್ ಸಹ ಬಾಣಂತಿ, ಅವಳಿಗೆ ಗ್ಲಾಕೋಮಾ. ಮನಸ್ಸಿಗೆ ಆಘಾತವಾದರೆ ಕಣ್ಣು ಹೋದೀತೆಂದು ಡಾಕ್ಟರ್ ಲಾರ್ಕಿನ್‌ಗೆ ಭಯ. ವೈದ್ಯನಾಗಿ ಹೇಳುತ್ತೇನೆ, ಇದು ಬರೀ ನಾಟಕೀಯ ಕಲ್ಪನೆಯಲ್ಲ. ಭಾವೋದ್ವೇಗದಲ್ಲಿ ಪಾಪೆ ಹಿಗ್ಗಿ, ಕೆಲವು ಬಗೆಯ ಗ್ಲಾಕೋಮಾದಲ್ಲಿ ಕಣ್ಣಿನೊಳಗಿನ ಒತ್ತಡ ಥಟ್ಟನೆ ಏರುವುದುಂಟು. ಗಂಡನ ಕಚೇರಿಗೇ ಹೋಗಿ ಅವನನ್ನು ತರಾಟೆಗೆ ತೆಗೆದುಕೊಳ್ಳುವ ಈ ಲಾರ್ಕಿನ್ ನನಗೆ ಬಹಳ ಪ್ರಿಯ. ನಮ್ಮಲ್ಲಿ ಎಷ್ಟು ಮಂದಿಗೆ ಆ ಧೈರ್ಯವಿದೆಯೋ!

ಸತ್ಯ ತಿಳಿದ ಮಾರ್ಗರೆಟ್‌ಳ ದೃಷ್ಟಿ ಹೋಗುತ್ತದೆ. ಆದರೆ ಹಸಿವಿನಿಂದ ಅಳುವ ಆ ತಬ್ಬಲಿ ಮಗುವಿಗೆ ರಂಗದ ಮೇಲೆಯೇ ಮೊಲೆಯೂಡಿಸಲು ಅವಳು ರವಿಕೆಯ ಗುಂಡಿ ಬಿಚ್ಚುತ್ತಾಳೆ. ಆ ಕಾಲದ ಬಾಸ್ಟನ್‌ಗೆ ಅದು ಸಿಡಿಲು. ಕ್ಷಮೆ ಬೇಡಲು ಮರಳಿದ ಗಂಡನಿಗೆ ಅವಳು ಕೇಳುವುದು ಒಂದೇ: ಇದೇ ತಪ್ಪು ನಾನು ಮಾಡಿದ್ದರೆ? ಅವನ ಬಳಿ ಉತ್ತರವಿಲ್ಲ. ಇಬ್ಸೆನ್‌ನ ನೋರಾ ಮನೆ ಬಿಟ್ಟು ಹೋದಳು. ಮಾರ್ಗರೆಟ್ ಮನೆಯಲ್ಲೇ ಉಳಿದು ಎರಡೂ ಮಕ್ಕಳನ್ನು ಸಾಕುತ್ತಾಳೆ, ಆದರೆ ಅವನ ಹೆಂಡತಿಯಾಗಿ ಅಲ್ಲ. ನನಗೆ ಇದೇ ಹೆಚ್ಚು ಕಠಿಣವಾದ ತೀರ್ಮಾನವೆನಿಸುತ್ತದೆ.

ನಾಟಕಶಾಲೆಗಳು ಒಲ್ಲೆನೆಂದವು. 1891ರಲ್ಲಿ ಹರ್ನ್ ದಂಪತಿಗಳು ಬಾಸ್ಟನ್ನಿನ ಚಿಕರಿಂಗ್ ಹಾಲ್ ಎಂಬ ಸಂಗೀತ ಸಭಾಂಗಣವನ್ನು ಬಾಡಿಗೆ ಹಿಡಿದು ಆಡಿದರು. ಮಾರ್ಗರೆಟ್ ಆಗಿ ನಿಂತವಳು ಹೆಂಡತಿ ಕ್ಯಾಥರೀನ್. ಕಾದಂಬರಿಕಾರ ಹೋವೆಲ್ಸ್ ಬೆಂಬಲಿಸಿದರೂ ಹಣ ಹುಟ್ಟಲಿಲ್ಲ.

ಹಣ ತಂದುಕೊಟ್ಟದ್ದು ಮುಂದಿನ ‘ಶೋರ್ ಏಕರ್ಸ್’. ಅದರ ಕೊನೆಯಲ್ಲಿ ಮುದುಕ ನ್ಯಾಟ್ ಒಬ್ಬನೇ ಅಡುಗೆಮನೆಯ ಬಾಗಿಲು ಭದ್ರಪಡಿಸಿ, ಒಲೆ ನೋಡಿ, ದೀಪ ಹಿಡಿದು ಮೆಟ್ಟಿಲು ಹತ್ತುತ್ತಾನೆ. ಒಂದು ಮಾತೂ ಇಲ್ಲ. ನ್ಯಾಟ್ ಪಾತ್ರ ಹರ್ನ್‌ನದೇ.

ಅವನು 1901ರಲ್ಲಿ ತೀರಿಕೊಂಡ. 1909ರಲ್ಲಿ ಮನೆಗೆ ಬೆಂಕಿ ಬಿದ್ದು ‘ಮಾರ್ಗರೆಟ್ ಫ್ಲೆಮಿಂಗ್’ ಹಸ್ತಪ್ರತಿ ಸುಟ್ಟುಹೋಯಿತು. ಕ್ಯಾಥರೀನ್ ಅದನ್ನು ನೆನಪಿನಿಂದಲೇ ಮತ್ತೆ ಬರೆದಳು. ನಾವು ಇಂದು ಓದುವುದು ಆ ಪ್ರತಿಯನ್ನೇ.