ಭಯವೂ ಅದರ ಕಾರಣವೂ



ಚಿಕ್ಕಬಳ್ಳಾಪುರದ ಕಡೆಯ ಕಾಲೇಜುಗಳಲ್ಲಿ ಹೊಸದಾಗಿ ಕ್ಯಾಮೆರಾ ಹಿಡಿದ ಹುಡುಗ ಹುಡುಗಿಯರ ಮನಸ್ಸು ಪ್ರೇಮಕಥೆಗಿಂತಲೂ ಮೊದಲು ಕತ್ತಲೆಯ ಕಡೆಗೆ, ಮುಚ್ಚಿದ ಬಾಗಿಲಿನ ಕಡೆಗೆ, ಯಾರೋ ಹಿಂದೆ ಬರುತ್ತಿರುವರೆಂಬ ಶಂಕೆಯ ಕಡೆಗೆ ಹರಿಯುವುದನ್ನು ಕಂಡು, ಇದು ಅಗ್ಗದ ಅಭಿರುಚಿಯೆಂದು ಹಿರಿಯರಲ್ಲಿ ಕೆಲವರು ಬೇಸರಪಡುವುದುಂಟು. ನನಗೆ ಆ ಬೇಸರವಿಲ್ಲ. ಭರತಮುನಿಯು ಎಣಿಸಿದ ಎಂಟು ರಸಗಳಲ್ಲಿ ಭಯಾನಕಕ್ಕೂ ಅದ್ಭುತಕ್ಕೂ ಶೃಂಗಾರದ ಪಂಕ್ತಿಯಲ್ಲಿಯೇ ಆಸನವುಂಟು. ಒಂದು ಮುದ್ರೆಯುಂಗುರವು ಶತ್ರುವಿನ ಕೈಸೇರಿದುದರಿಂದ ಒಬ್ಬ ಮಂತ್ರಿಯ ಸಮಸ್ತ ನೀತಿಯೂ ತಲೆಕೆಳಗಾಗುವ ವಿಶಾಖದತ್ತನ 'ಮುದ್ರಾರಾಕ್ಷಸ'ವನ್ನು ಮೀರಿಸಿದ ಗೂಢಚಾರಕಥೆ ಇಂದಿಗೂ ವಿರಳ. ಆ ಕಥೆಯನ್ನೇ 1823ರಲ್ಲಿ ಕೆಂಪುನಾರಾಯಣನು 'ಮುದ್ರಾಮಂಜೂಷ'ವೆಂಬ ಗದ್ಯಗ್ರಂಥವಾಗಿ ಬರೆದು ಹೊಸಗನ್ನಡ ಗದ್ಯದ ಹಾದಿಯನ್ನು ತೆರೆದನು. ಐನೂರಕ್ಕೂ ಮಿಗಿಲಾಗಿ ಕಾದಂಬರಿಗಳನ್ನು ಬರೆದ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಬೆನ್ನುಹತ್ತಿ ಓದುವ ಚಟವನ್ನು ಅಂಟಿಸಿಕೊಂಡ ಕನ್ನಡಿಗರ ಒಂದು ತಲೆಮಾರೇ ಉಂಟು. ಚಲನಚಿತ್ರದಲ್ಲಿ ಕಾಶೀನಾಥರ 'ಅಪರಿಚಿತ' 1978ರಲ್ಲಿಯೂ, ಹಾಡುಗಳ ಹಂಗಿಲ್ಲದ ಸುನೀಲ್‌ಕುಮಾರ್ ದೇಸಾಯಿಯವರ 'ತರ್ಕ' 1989ರಲ್ಲಿಯೂ ಬಂದು, ಈ ಜಾತಿಯ ಕಥೆಗೆ ನಮ್ಮಲ್ಲಿ ಗಂಭೀರವಾದ ನೆಲೆಯನ್ನು ಒದಗಿಸಿದವು. ಆದುದರಿಂದ ವಿದ್ಯಾರ್ಥಿಯು ಥ್ರಿಲ್ಲರನ್ನು ಆರಿಸಿಕೊಂಡನೆಂದರೆ ಹಳೆಯ ಮನೆತನವೊಂದರ ಹೊಸ್ತಿಲನ್ನು ದಾಟಿದನೆಂದೇ ನನ್ನ ಭಾವನೆ. ಒಳಗೆ ಬಂದ ಮೇಲೆ ಅವನು ಹೇಗೆ ನಡೆದುಕೊಳ್ಳತಕ್ಕದ್ದೆಂಬುದೇ ವಿಚಾರ.

ಆ ನಡೆಯ ಮೊದಲ ಪಾಠ ಹತ್ತಿರದಲ್ಲಿಯೇ ಸಿಗುತ್ತದೆ. ಚಿಂತಾಮಣಿ ತಾಲ್ಲೂಕಿನ ಕೈವಾರವನ್ನು ಮಹಾಭಾರತದ ಏಕಚಕ್ರನಗರವೆಂದು ಜನ ನಂಬಿಕೊಂಡು ಬಂದಿದ್ದಾರೆ. ಬಕಾಸುರನಿಗೆ ದಿನಕ್ಕೊಂದು ಮನೆಯವರು ಬಂಡಿ ಅನ್ನವನ್ನೂ, ಎರಡು ಕೋಣಗಳನ್ನೂ, ಒಬ್ಬ ಮನುಷ್ಯನನ್ನೂ ಕಳುಹಿಸಬೇಕಾಗಿದ್ದ ಆ ಊರಿನಲ್ಲಿ, ರಾಕ್ಷಸನ ಕೋರೆದಾಡೆಗಳಿಗಿಂತ ಹೆಚ್ಚು ಭಯಂಕರವಾದದ್ದು ಸರದಿ. ನಾಳೆ ಯಾರ ಮನೆಯ ಸರದಿ ಎಂಬುದು ಎಲ್ಲರಿಗೂ ಗೊತ್ತು. ಗೊತ್ತಿರುವುದರಿಂದಲೇ ಆ ಮನೆಯಲ್ಲಿ ಅಳು. ಕುಂತಿ ಆ ಅಳುವನ್ನು ಗೋಡೆಯಾಚೆಯಿಂದ ಕೇಳುತ್ತಾಳೆ, ಭೀಮನನ್ನು ಕಳುಹಿಸುತ್ತೇನೆನ್ನುತ್ತಾಳೆ. ಅಲ್ಲಿಂದ ಮುಂದಕ್ಕೆ, ಬಂಡಿಯಲ್ಲಿ ಬರುತ್ತಿರುವವನು ಯಾರೆಂಬುದು ಕಥೆ ಕೇಳುವ ನಮಗೆ ತಿಳಿದಿರುತ್ತದೆ, ಬಕನಿಗೆ ತಿಳಿದಿರುವುದಿಲ್ಲ. ಭೀಮನು ದಾರಿಯಲ್ಲಿ ಬಂಡಿ ನಿಲ್ಲಿಸಿ ರಾಕ್ಷಸನ ಅನ್ನವನ್ನು ತಾನೇ ಉಣ್ಣುತ್ತ ಕುಳಿತಷ್ಟು ಹೊತ್ತೂ ನಮ್ಮ ಎದೆಬಡಿತ ಏರುತ್ತಲೇ ಇರುತ್ತದೆ. ಯಾರಿಗೆ ಯಾವುದು, ಯಾವಾಗ ತಿಳಿಯಬೇಕು ಎಂಬ ಈ ವಿತರಣೆಯೇ ಥ್ರಿಲ್ಲರಿನ ಸಮಸ್ತ ವ್ಯಾಕರಣವೆಂದರೆ ಅತ್ಯುಕ್ತಿಯಾಗದು. ಆಲ್ಫ್ರೆಡ್ ಹಿಚ್‌ಕಾಕ್ ಫ್ರೆಂಚ್ ನಿರ್ದೇಶಕ ತ್ರೂಫೋನೊಡನೆ ನಡೆಸಿದ ಪ್ರಸಿದ್ಧ ಸಂವಾದದಲ್ಲಿ ಇದನ್ನೇ ಮೇಜಿನಡಿಯ ಬಾಂಬಿನ ದೃಷ್ಟಾಂತದಿಂದ ವಿವರಿಸಿದನು: ಮುನ್ಸೂಚನೆಯಿಲ್ಲದೆ ಸಿಡಿದರೆ ಪ್ರೇಕ್ಷಕನಿಗೆ ಹದಿನೈದು ಸೆಕೆಂಡುಗಳ ಬೆರಗು, ಬಾಂಬ್ ಇರುವುದನ್ನು ಅವನಿಗೆ ಮೊದಲೇ ತಿಳಿಸಿದರೆ ಹದಿನೈದು ನಿಮಿಷಗಳ ಉತ್ಕಂಠೆ. ಕೈವಾರದ ಕಡೆಯ ಅಜ್ಜಿಯರು ಈ ಸೂತ್ರವನ್ನು ಅವನಿಗಿಂತ ಬಹು ಮೊದಲೇ ಬಲ್ಲವರಾಗಿದ್ದರು.

ವಿದ್ಯಾರ್ಥಿಗಳ ಚಿತ್ರಗಳನ್ನು ನೋಡುವಾಗ ನನ್ನನ್ನು ನೋಯಿಸುವ ಸಂಗತಿಯೊಂದನ್ನು ಹೇಳಿಬಿಡುತ್ತೇನೆ. ತಮ್ಮ ಊರಿನಲ್ಲಿ ಇಲ್ಲದ ಭಯವನ್ನು ಅವರು ಎರವಲು ತರುತ್ತಾರೆ. ಆಟಿಕೆಯ ಪಿಸ್ತೂಲು, ಕಪ್ಪು ಮುಸುಕಿನ ಹಂತಕ, ಕುಂಕುಮದ ನೀರಿನ ರಕ್ತ ಇವೆಲ್ಲ ಪರದೇಶದ ಚಿತ್ರಗಳಿಂದ ಬಂದು ನಂದಿಬೆಟ್ಟದ ತಪ್ಪಲಿನಲ್ಲಿ ಅನಾಥವಾಗಿ ನಿಂತಿರುತ್ತವೆ. ಆದರೆ ಶಿಡ್ಲಘಟ್ಟದ ಸುತ್ತಣ ಹಳ್ಳಿಗಳ ವಿದ್ಯಾರ್ಥಿಯ ಮನೆಯಲ್ಲಿಯೇ, ಅವನು ದಿನವೂ ಸೊಪ್ಪು ಹೊತ್ತು ಒಳಹೋಗುವ ರೇಷ್ಮೆಯ ಹುಳುಮನೆಯಲ್ಲಿ, ಒಂದು ಸಂಪೂರ್ಣ ಥ್ರಿಲ್ಲರಿನ ಸಾಮಗ್ರಿ ಸಿದ್ಧವಾಗಿರುತ್ತದೆ. ಮರಿಹುಳು ಸಾಕುವ ಚಾಕಿಯಿಂದ ಬಂದ ಹುಳು, ಪೊರೆ ಕಳಚುವ ಜ್ವರದಿಂದ ಜ್ವರಕ್ಕೆ ದಾಟಿ, ನಾಲ್ಕನೆಯ ಜ್ವರವೆದ್ದ ಮೇಲೆ ರಾತ್ರಿಯೆಲ್ಲ ಸೊಪ್ಪು ಮೇಯುವ ಸದ್ದು ಸೋಗೆಯ ಮೇಲೆ ಬೀಳುವ ಮಳೆಯಂತೆ ಕೇಳುತ್ತಿರುವಾಗ, ಮನೆಯವರು ಸಾಲದ ಲೆಕ್ಕವನ್ನು ಮನಸ್ಸಿನಲ್ಲಿಯೇ ಹಾಕುತ್ತ ಎಚ್ಚರವಾಗಿರುತ್ತಾರೆ. 1980ರಲ್ಲಿ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂದ ಊಜಿ ನೊಣವು ಒಮ್ಮೆ ಒಳಹೊಕ್ಕು ಹುಳುವಿನ ಮೈಮೇಲೆ ಮೊಟ್ಟೆಯಿಟ್ಟಿತೆಂದರೆ, ಅದರ ಮರಿ ಹುಳುವಿನ ಒಡಲನ್ನು ಕೊರೆದು ಒಳಗಿನಿಂದಲೇ ತಿನ್ನುತ್ತದೆ. ಹೊರಗೆ ಕಾಣಿಸುವುದು ಒಂದು ಕರಿಯ ಚುಕ್ಕೆ ಮಾತ್ರ. ಹುಳು ಹಣ್ಣಾಗಿ, ಚಂದ್ರಂಕಿಗೆ ಏರಿ, ಗೂಡು ಕಟ್ಟಿ, ಒಳಗಿನ ಚಿಟ್ಟೆ ಗೂಡನ್ನು ಒಡೆದು ಬರುವುದರೊಳಗಾಗಿ ಆ ಗೂಡು ಮಾರುಕಟ್ಟೆಯಲ್ಲಿ ಹರಾಜಾಗಿ ನೂಲು ಬಿಚ್ಚುವವರ ಕೈಸೇರಬೇಕು. ಕಥೆಗೆ ಬೇಕಾದ ಗಡಿಯಾರವನ್ನು ಪ್ರಕೃತಿಯೇ ಇಟ್ಟುಕೊಟ್ಟಿದೆ.

ಇದೇ ಸಾಮಗ್ರಿಯಿಂದ ಮೂರು ಬಗೆಯ ಚಿತ್ರಗಳನ್ನು ಮಾಡಬಹುದು. ನೊಣ ಬಂದುದನ್ನು ಯಾರಿಗೂ ತಿಳಿಸದೆ ಕೊನೆಗೆ ಸತ್ತ ಹುಳುಗಳನ್ನು ತೋರಿಸಿದರೆ ಪ್ರೇಕ್ಷಕನಿಗೆ ಆಗುವುದು ಆಘಾತ. ಮನೆಯ ಮಗಳೂ ಪ್ರೇಕ್ಷಕನೂ ಒಂದೇ ಕ್ಷಣದಲ್ಲಿ ಕರಿಯ ಚುಕ್ಕೆಯನ್ನು ಕಂಡು, ಅದು ಎಲ್ಲಿಂದ ಬಂತೆಂದು ಕೂಡಿಯೇ ಹುಡುಕಹೊರಟರೆ ಅದು ಪತ್ತೇದಾರಿ. ಕಿಟಕಿಯ ಪರದೆಯಲ್ಲಿ ಒಂದು ಹರುಕಿರುವುದನ್ನು ಪ್ರೇಕ್ಷಕನಿಗೆ ಮಾತ್ರ ತೋರಿಸಿ, ದಣಿದ ಆ ಮಗಳು ದೀಪವಾರಿಸಿ ಮಲಗುವುದನ್ನು ಚಿತ್ರಿಸಿದರೆ, ನೋಡುವವನು ಕುಳಿತಲ್ಲಿಯೇ ಕೈ ಹಿಸುಕಿಕೊಳ್ಳುತ್ತಾನೆ. ಮೂರನೆಯದೇ ಕಿರುಚಿತ್ರಕ್ಕೆ ಅತ್ಯಂತ ಯೋಗ್ಯವೆಂದು ನನ್ನ ನಿಶ್ಚಿತಾಭಿಪ್ರಾಯ, ಏಕೆಂದರೆ ಅದಕ್ಕೆ ಬೇಕಾದದ್ದು ಹಣವಲ್ಲ, ಎರಡು ದೃಶ್ಯಗಳ ನಡುವಣ ಕ್ರಮದ ವಿವೇಕ. ಪವನ್ ಕುಮಾರರು 2016ರ 'ಯೂ ಟರ್ನ್' ಚಿತ್ರಕ್ಕೆ ಬೆಂಗಳೂರಿನ ಮೇಲುಸೇತುವೆಯೊಂದರ ಮೇಲೆ ಸವಾರರು ವಿಭಜಕದ ಕಲ್ಲುಗಳನ್ನು ಸರಿಸಿ ಗಾಡಿ ತಿರುಗಿಸುವ ನಿತ್ಯದ ಉಲ್ಲಂಘನೆಯನ್ನೇ ಬೀಜವಾಗಿ ತೆಗೆದುಕೊಂಡರಷ್ಟೆ? ಸಾವಿರಾರು ಮಂದಿ ನೋಡಿದ್ದ ಆ ಕಲ್ಲುಗಳಲ್ಲಿ ಕಥೆಯನ್ನು ಕಂಡವರು ಒಬ್ಬರು.

ಹತ್ಯೆಯನ್ನು ಕಣ್ಣೆದುರಿಗೆ ತೋರಿಸದೆ ಕಥೆ ಸಾಗುವುದೆ ಎಂಬ ಪ್ರಶ್ನೆಯನ್ನು ವಿದ್ಯಾರ್ಥಿಗಳು ಕೇಳುವುದುಂಟು. ವಧೆಯನ್ನೂ ಯುದ್ಧವನ್ನೂ ರಂಗದ ಮೇಲೆ ಪ್ರತ್ಯಕ್ಷವಾಗಿ ತೋರಕೂಡದೆಂದು 'ದಶರೂಪಕ'ದಲ್ಲಿ ಧನಂಜಯನು ವಿಧಿಸಿದ್ದಾನೆ. ಅದು ಬರಿಯ ಮಡಿವಂತಿಕೆಯಿಂದ ಹುಟ್ಟಿದ ನಿಯಮವೆಂದು ನನಗೆ ತೋರುವುದಿಲ್ಲ. ಮುಚ್ಚಿದ ಬಾಗಿಲಿನ ಹಿಂದೆ ಕಲ್ಪನೆ ಮಾಡುವಷ್ಟು ಕೆಲಸವನ್ನು ಬಣ್ಣದ ನೀರು ಮಾಡಲಾರದು.

ಕಾಣಿಸದೆ ಉಳಿದದ್ದನ್ನು ಕೇಳಿಸಬೇಕು. ಗೌರಿಬಿದನೂರಿನವರಿಗೆ ಇದನ್ನು ವಿವರಿಸಿ ಹೇಳಬೇಕಾದ ಅಗತ್ಯವಿಲ್ಲ. ಭಾಭಾ ಅಣುಸಂಶೋಧನ ಕೇಂದ್ರದವರು 1960ರ ದಶಕದ ಮಧ್ಯದಲ್ಲಿ ಅಲ್ಲಿ ಸ್ಥಾಪಿಸಿದ ಭೂಕಂಪಮಾಪಕಗಳ ವ್ಯೂಹವು ಖಂಡಾಂತರಗಳಲ್ಲಿ ನೆಲದಡಿ ನಡೆದ ಅಣುಸ್ಫೋಟಗಳ ಕಂಪನವನ್ನು ಆಲಿಸುತ್ತ ಬಂದಿದೆ. ಜನರು ಜೋಳದ ಹೊಲಗಳಲ್ಲಿ ನಡೆದಾಡುತ್ತಿರುವಾಗ ಅವರ ಕಾಲಡಿಯ ಬಂಡೆ ಸಾವಿರಾರು ಮೈಲಿಗಳಾಚೆಯ ರಹಸ್ಯವನ್ನು ಕೇಳಿಸಿಕೊಳ್ಳುತ್ತಿತ್ತೆಂಬ ಸಂಗತಿಯನ್ನು ಬಲ್ಲ ವಿದ್ಯಾರ್ಥಿಗೆ ಕಥಾವಸ್ತುವಿನ ಬರ ಹೇಗೆ ಬಂದೀತು? ಇನ್ನು ಕಸುಬಿನ ಮಾತು: ಚಿತ್ರವನ್ನು ಮೊಬೈಲಿನಲ್ಲಿ ತೆಗೆದರೂ ಧ್ವನಿಯನ್ನು ಬೇರೆಯಾಗಿ, ಮಾತನಾಡುವವರ ಸಮೀಪದಲ್ಲಿ ಮುದ್ರಿಸಿಕೊಳ್ಳತಕ್ಕದ್ದು; ಪ್ರತಿಯೊಂದು ಸ್ಥಳದಲ್ಲಿಯೂ ಎಲ್ಲರೂ ಸುಮ್ಮನಿದ್ದು ಅಲ್ಲಿಯ ನಿಶ್ಶಬ್ದವನ್ನು ಒಂದು ನಿಮಿಷವಾದರೂ ಹಿಡಿದುಕೊಳ್ಳತಕ್ಕದ್ದು. ಹುಳುಮನೆಯ ನಿಶ್ಶಬ್ದ ಬೇರೆ, ಬತ್ತಿದ ಕೊಳವೆಬಾವಿಯ ಪಕ್ಕದ ನಿಶ್ಶಬ್ದ ಬೇರೆ. ಸಂಕಲನದ ಮೇಜಿನ ಮುಂದೆ ಕುಳಿತಾಗ ಇದರ ಬೆಲೆ ತಿಳಿಯುತ್ತದೆ.

ಬೆಳಕಿನ ವಿಷಯದಲ್ಲಿ ನಮಗೆ ಒಬ್ಬ ಆಚಾರ್ಯರಿದ್ದಾರೆ. ಮೈಸೂರಿನ ವಿ. ಕೆ. ಮೂರ್ತಿಯವರು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣವನ್ನು ಕಲಿತು, 1959ರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ಆ ಪ್ರಸಿದ್ಧವಾದ ಬೆಳಕಿನ ಕೋಲನ್ನು ನಿರ್ಮಿಸಿದ್ದು ಕನ್ನಡಿಗಳಿಂದ ಸೂರ್ಯನ ಬಿಸಿಲನ್ನು ಸ್ಟುಡಿಯೋದೊಳಕ್ಕೆ ತಿರುಗಿಸಿ. ನಮ್ಮ ಬಯಲುಸೀಮೆಯಲ್ಲಿ ಬಿಸಿಲಿಗೂ ಕನ್ನಡಿಗೂ ಕೊರತೆಯಿಲ್ಲ. ಕಾರ್ಗತ್ತಲೆಯಲ್ಲಿ ಮೊಬೈಲನ್ನು ಹಿಡಿದು ಮಸುಕು ಚಿತ್ರಗಳನ್ನು ತರುವುದಕ್ಕಿಂತ, ಮುಚ್ಚಂಜೆಯ ಅರ್ಧ ಗಂಟೆಯಲ್ಲಿ, ಚೌಕಟ್ಟಿನೊಳಗೇ ಒಂದು ದೀಪವನ್ನಿಟ್ಟುಕೊಂಡು ತೆಗೆದರೆ ಇರುಳು ಹೆಚ್ಚು ಇರುಳಾಗಿ ಕಾಣುತ್ತದೆ.

ಪಾತ್ರಗಳ ಮಾತಿನ ಬಗೆಗೂ ಒಂದು ವಿನಂತಿ. ಈ ಸೀಮೆಯ ಮನೆಗಳಲ್ಲಿ ಒಂದೇ ವಾಕ್ಯ ತೆಲುಗಿನಲ್ಲಿ ಆರಂಭವಾಗಿ ಕನ್ನಡದಲ್ಲಿ ಮುಗಿಯುವುದುಂಟು; ಸಂತಕವಿ ಕೈವಾರದ ತಾತಯ್ಯನವರು ಎರಡು ಭಾಷೆಗಳಲ್ಲಿಯೂ ಹಾಡಿದವರು. ಆದರೂ ವಿದ್ಯಾರ್ಥಿಯ ಚಿತ್ರದಲ್ಲಿ ಬಾಗೇಪಲ್ಲಿಯ ಕಡೆಯ ರೈತನು ಬೆಂಗಳೂರಿನ ಧಾರಾವಾಹಿಯ ಕನ್ನಡವನ್ನಾಡುವನು. ಒಬ್ಬ ತಾಯಿ ಅಪರಿಚಿತನೊಡನೆ ಕನ್ನಡದಲ್ಲಿ ಮಾತನಾಡುತ್ತಿದ್ದು, ಮಗನಿಗೆ ಮಾತ್ರ ತಿಳಿಯಲೆಂದು ಥಟ್ಟನೆ ತೆಲುಗಿಗೆ ತಿರುಗಿದರೆ, ಅದೊಂದೇ ತಿರುವಿನಲ್ಲಿ ಎಷ್ಟು ಅಪಾಯವನ್ನು ಸೂಚಿಸಬಹುದೆಂಬುದನ್ನು ಆಲೋಚಿಸಿ ನೋಡಿರಿ.

ಅಲ್ಪಸಾಧನದ ವಿದ್ಯಾರ್ಥಿಚಿತ್ರ ಎಲ್ಲಿಯವರೆಗೆ ಹೋಗಬಲ್ಲುದೆಂಬುದಕ್ಕೆ ನಿದರ್ಶನವನ್ನು ದೂರದಲ್ಲಿ ಅರಸಬೇಕಾಗಿಲ್ಲ. ಮೈಸೂರಿನಲ್ಲಿ ವೈದ್ಯಶಾಸ್ತ್ರವನ್ನು ಓದಿ, ಬಳಿಕ ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ಒಂದು ವರ್ಷದ ದೂರದರ್ಶನ ಶಿಕ್ಷಣಕ್ಕೆ ಸೇರಿದ ಚಿದಾನಂದ ಎಸ್. ನಾಯ್ಕರು, ಅಜ್ಜಿಯು ಊರಿನ ಕೋಳಿಯನ್ನು ಕದ್ದೊಯ್ದುದರಿಂದ ಸೂರ್ಯನೇ ಹುಟ್ಟದೆ ಹೋದ ನಮ್ಮ ಜನಪದಕಥೆಯನ್ನು ಹದಿನಾರು ನಿಮಿಷಗಳ ಕನ್ನಡ ಚಿತ್ರವಾಗಿಸಿದರು. ಚಿತ್ರೀಕರಣಕ್ಕೆ ದೊರೆತದ್ದು ನಾಲ್ಕೇ ದಿನಗಳು. 2024ರ ಕಾನ್ ಚಿತ್ರೋತ್ಸವದಲ್ಲಿ ಜಗತ್ತಿನ ಚಿತ್ರಶಾಲೆಗಳ ವಿದ್ಯಾರ್ಥಿಗಳಿಗಾಗಿ ಇರುವ ವಿಭಾಗದ ಪ್ರಥಮ ಬಹುಮಾನ ಅದಕ್ಕೆ ಸಂದಿತು. ಅದು ಥ್ರಿಲ್ಲರೆನಿಸಿಕೊಂಡ ಚಿತ್ರವಲ್ಲ. ಆದರೂ ಒಂದು ಕಳವು, ಮುಗಿಯದ ಇರುಳು, ಊರೊಂದರ ಹುಡುಕಾಟ ಇವನ್ನೇ ಅಂಗಗಳಾಗಿ ಉಳ್ಳದ್ದು. ಎಲ್ಲವೂ ನಮ್ಮ ಅಜ್ಜಿಯರ ಬಾಯಲ್ಲಿದ್ದ ಸಂಪತ್ತು.

ನನ್ನ ಮುಖ್ಯವಾದ ಮಾತಿಗೆ ಈಗ ಬರುತ್ತೇನೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿ ಮೊಬೈಲಿನಿಂದ ಮೊಬೈಲಿಗೆ ಹಬ್ಬಿ, ಬೆಂಗಳೂರಿನಲ್ಲಿಯೂ ಬೀದರ ಜಿಲ್ಲೆಯಲ್ಲಿಯೂ ನಿರಪರಾಧಿಗಳು ಗುಂಪಿನ ಕೈಯಲ್ಲಿ ಪ್ರಾಣ ಕಳೆದುಕೊಂಡರು. ಆಗ ಹರಿದಾಡಿದ ದೃಶ್ಯಗಳಲ್ಲಿ ಒಂದರಲ್ಲಿ ಮೋಟಾರು ಸೈಕಲ್ಲಿನ ಮೇಲೆ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವೊಂದನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಕರಾಚಿಯಲ್ಲಿ ಮಕ್ಕಳ ರಕ್ಷಣೆಯ ಜಾಗೃತಿಗಾಗಿ ತೆಗೆದ ಕಿರುಚಿತ್ರದ ತುಣುಕು. ಅದೇ ಇಬ್ಬರು ಮರಳಿ ಬಂದು ಮಗುವನ್ನು ಇಳಿಸಿ, ಎಚ್ಚರಿಕೆಯ ಫಲಕವನ್ನು ಹಿಡಿಯುವ ಅಂತ್ಯವನ್ನು ಯಾರೋ ಕತ್ತರಿಸಿದ್ದರು. ಕಿರುಚಿತ್ರವೊಂದರ ಕೊನೆಯ ಕೆಲವು ಸೆಕೆಂಡುಗಳು ಇಲ್ಲದೆ ಹೋದುದರ ಫಲವನ್ನು ಇದಕ್ಕಿಂತ ಘೋರವಾಗಿ ಯಾವ ಪಠ್ಯವೂ ಬೋಧಿಸಲಾರದು. ಥ್ರಿಲ್ಲರೂ ಸಂಗತಿಯನ್ನು ಬಚ್ಚಿಡುತ್ತದೆ, ವದಂತಿಯೂ ಬಚ್ಚಿಡುತ್ತದೆ. ಆದರೆ ಥ್ರಿಲ್ಲರು ಬಚ್ಚಿಟ್ಟುದನ್ನು ಹಿಂದಿರುಗಿಸುವ ಪ್ರತಿಜ್ಞೆಯಿಂದ ಬದ್ಧವಾಗಿದೆ. ಪ್ರೇಕ್ಷಕನಲ್ಲಿ ಹುಟ್ಟಿಸಿದ ಭಯಕ್ಕೆ ಕಾರಣವನ್ನು ಒದಗಿಸುವುದು ಕಲಾವಿದನು ತೀರಿಸಲೇಬೇಕಾದ ಋಣ. ವಿಭಾವವಿಲ್ಲದೆ, ಎಂದರೆ ಭಾವಕ್ಕೆ ಕಾರಣವಿಲ್ಲದೆ, ರಸವಿಲ್ಲವೆಂದು ಭರತನು ಹೇಳಿದ್ದೂ ಇದಕ್ಕೆ ಹೊಂದುತ್ತದೆ.

ಈ ಮಾತನ್ನು ಈ ನೆಲದಲ್ಲಿ ಹೇಳಲು ನನಗೆ ವಿಶೇಷವಾದ ಕಾರಣವುಂಟು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಜನಿಸಿ, ಓದಿನ ಹಂಬಲದಿಂದ ಬಾಲ್ಯದಲ್ಲಿಯೇ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೊರಟ ಎಚ್. ನರಸಿಂಹಯ್ಯನವರು, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ ಪವಾಡಗಳ ಪರಿಶೀಲನೆಗೆಂದೇ ಸಮಿತಿಯೊಂದನ್ನು ರಚಿಸಿ, ಕಾರಣವನ್ನು ಕೇಳದೆ ಯಾವುದನ್ನೂ ಒಪ್ಪಕೂಡದೆಂದು ಜೀವನಪರ್ಯಂತ ಸಾರಿದರು. ಪತ್ತೇದಾರಿ ಬರೆದ ನರಸಿಂಹಯ್ಯನವರೂ, ಭೌತಶಾಸ್ತ್ರ ಬೋಧಿಸಿದ ನರಸಿಂಹಯ್ಯನವರೂ ತಮ್ಮ ತಮ್ಮ ಮಾರ್ಗದಲ್ಲಿ ಕನ್ನಡಿಗರಿಗೆ ಕಲಿಸಿದ್ದು ಒಂದೇ ಅಭ್ಯಾಸವನ್ನು. ಎಚ್. ನರಸಿಂಹಯ್ಯನವರ ಜಿಲ್ಲೆಯ ವಿದ್ಯಾರ್ಥಿಯು, ಕಥೆಯನ್ನು ಬಿಡಿಸಲಾರದೆ ಕೊನೆಗೆ ದೆವ್ವದ ಮೇಲೆ ಹೊರಿಸಿ ಕೈತೊಳೆದುಕೊಳ್ಳುವುದನ್ನಾಗಲಿ, ಮಾನಸಿಕ ರೋಗಿಯನ್ನೋ ಊರಿಗೆ ಬಂದ ಪರಸ್ಥಳದವನನ್ನೋ ಹಂತಕನೆಂದು ಸುಲಭವಾಗಿ ತೋರಿಸಿಬಿಡುವುದನ್ನಾಗಲಿ ನಾನು ಒಪ್ಪಲಾರೆ.

ಅಧ್ಯಾಪಕರೂ ವಿದ್ಯಾರ್ಥಿಗಳೂ ಕೂಡಿರುವ ಈ ಸಂಕಿರಣದ ಮುಂದೆ ಕೆಲವು ಸಲಹೆಗಳನ್ನು ಇಡುತ್ತೇನೆ. ಕ್ಯಾಮೆರಾವನ್ನು ಕೈಗೆ ಕೊಡುವ ಮೊದಲು ಚಿತ್ರಕಥೆಯನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಿರಿ. ಯಾವ ಪುಟದಲ್ಲಿ ಯಾರಿಗೆ ಏನು ತಿಳಿದಿದೆಯೆಂದು ಸಹಪಾಠಿಗಳೇ ಪ್ರಶ್ನಿಸಲಿ. ಬೀದಿಯಲ್ಲಿ ಆಯುಧವನ್ನೋ ಅಪಹರಣವನ್ನೋ ಅಭಿನಯಿಸುವುದಾದರೆ ಠಾಣೆಗೂ ನೆರೆಯವರಿಗೂ ಮುಂಚಿತವಾಗಿ ತಿಳಿಸತಕ್ಕದ್ದು. ಸಿದ್ಧವಾದ ಚಿತ್ರವನ್ನು ಅದು ಚಿತ್ರಿತವಾದ ಹಳ್ಳಿಯಲ್ಲಿಯೇ ಮೊದಲು ತೋರಿಸಿರಿ, ಚಿತ್ರಕಥೆಯೊಡನೆ ಅದರ ಪ್ರತಿಯನ್ನು ಕಾಲೇಜಿನ ಗ್ರಂಥಭಂಡಾರದಲ್ಲಿ ಕಾಪಾಡಿರಿ. ಒಬ್ಬನ ಬಳಿ ಬೆಲೆಬಾಳುವ ಕ್ಯಾಮೆರಾ ಇರುತ್ತದೆ, ಮತ್ತೊಬ್ಬಳ ಬಳಿ ಅಣ್ಣನಿಂದ ಕೇಳಿ ತಂದ ಹಳೆಯ ಮೊಬೈಲ್ ಇರುತ್ತದೆ. ಅಂಕಗಳನ್ನು ಯಂತ್ರಕ್ಕೆ ಕೊಡದೆ ಕಥೆಯ ಕಟ್ಟಿಗೆ ಕೊಡಿರೆಂದು ಅಧ್ಯಾಪಕ ಮಿತ್ರರನ್ನು ವಿನಯಪೂರ್ವಕವಾಗಿ ಪ್ರಾರ್ಥಿಸುತ್ತೇನೆ.