ಡೈ ಕಾಸ್ಟಿಂಗ್: ಲಾಭವೂ ಮಿತಿಯೂ



ನಾನು ಎರಕದ ಕೆಲಸದಲ್ಲೇ ಬದುಕು ಕಂಡವನು. ನಮ್ಮ ಶ್ರೀರಾಂಪುರದ ಹುಡುಗರು ನನ್ನನ್ನು ಕೇಳುವುದುಂಟು: "ಅಣ್ಣಾ, ಸಾಲ ಮಾಡಿ ಡೈ ಕಾಸ್ಟಿಂಗ್ ಶುರು ಮಾಡಬಹುದಾ?"

ನಾಗಮಂಗಲದ ಲೋಹದ ವಿಗ್ರಹಗಳನ್ನು ನೋಡಿದ್ದೀರಿ. ಮೇಣದ ಎರಕದಲ್ಲಿ ಒಂದು ವಿಗ್ರಹಕ್ಕೆ ಒಂದು ಅಚ್ಚು; ಎರಕವಾದ ಮೇಲೆ ಅದನ್ನು ಒಡೆಯಲೇಬೇಕು. ಡೈ ಕಾಸ್ಟಿಂಗ್‌ನಲ್ಲಿ ಅಚ್ಚು ಉಕ್ಕಿನದು. ಕರಗಿದ ಅಲ್ಯೂಮಿನಿಯಂ ಅನ್ನು ಒತ್ತಡದಿಂದ ಅದರೊಳಗೆ ನುಗ್ಗಿಸುತ್ತಾರೆ. ಒಂದೇ ಅಚ್ಚಿನಿಂದ ಸಾವಿರಾರು ಬಿಡಿಭಾಗಗಳು ಒಂದೇ ಅಳತೆಗೆ, ನುಣುಪಾಗಿ, ಬೇಗ ಬರುತ್ತವೆ.

ಆದರೆ ಡೈ ದುಬಾರಿ. ಬೆಲೆ 5 ಲಕ್ಷ ಎಂದಿಟ್ಟುಕೊಳ್ಳಿ. 50,000 ಬಿಡಿಭಾಗ ತೆಗೆದರೆ ಒಂದೊಂದರ ಮೇಲೆ 10 ರೂಪಾಯಿ. 500ಕ್ಕೇ ನಿಂತರೆ 1,000 ರೂಪಾಯಿ! ಇನ್ನೊಂದು ತೊಂದರೆ, ಲೋಹ ನುಗ್ಗುವಾಗ ಗಾಳಿ ಸಿಕ್ಕಿ ಒಳಗೆ ಗುಳ್ಳೆ ಉಳಿಯಬಹುದು. ಹೊರಗೆ ಕಾಣದ ಆ ಗುಳ್ಳೆಯಿಂದಲೇ ಭಾರ ಬಿದ್ದಾಗ ಬಿರುಕು ಬಿಡುತ್ತದೆ. ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. 1,538 ಡಿಗ್ರಿ ಬೇಡುವ ಕಬ್ಬಿಣಕ್ಕೆ ಈ ವಿಧಾನ ಒಗ್ಗದು.

ಆದ್ದರಿಂದ ತಮ್ಮಂದಿರೇ, ಕೈಯಲ್ಲಿ ದೊಡ್ಡ ಆರ್ಡರ್ ಇಲ್ಲದೆ ಡೈಗೆ ಸಾಲ ಮಾಡಬೇಡಿ. ಕೆಲವೇ ಬಿಡಿಭಾಗ ಬೇಕಿದ್ದರೆ ಮರಳಿನ ಅಚ್ಚೇ ಸಾಕು. ಈ ಲೆಕ್ಕ ಹಾಕಲು ಕಲಿಸಿದ ನಮ್ಮ ಶಾಲೆಗೆ ನನ್ನ ನಮಸ್ಕಾರ.